ಮೆಡಿಕಲ್ ಇಂಟರ್ನ್‌ಗಳಿಗೆ ನೀತಿ, ಕರುಣೆ ಕಲಿಸೋಕೆ ಒಂದು ನಾಟಕ ಮಾಡಿಸ್ಬೇಕು. ಮನಸ್ಸು ಕಲಕೋ ಸ್ಕ್ರಿಪ್ಟ್, ಒಳ್ಳೇ ನಟರು ಎಲ್ಲಿ ಸಿಗ್ತಾರೆ?

ಪ್ರಶ್ನೆ ಓದಿ ಎದೆ ಧಸಕ್ ಅಂತು. ಮೊದಲ ಸಲ ನಾಟಕ ಮಾಡಿಸೋವಾಗ ನನ್ನ ತಲೇಲಿ ಇದ್ದಿದ್ದೂ ಇವೇ ಎರಡು, ಸ್ಕ್ರಿಪ್ಟು ಮತ್ತೆ ನಟನೆ. ನೋಡ್ದೋರು ಅತ್ರೆ ಕಲಿತ್ರು ಅಂತ ಲೆಕ್ಕ.

ನಾನು ಮೆಡಿಕಲ್ ವಿದ್ಯಾರ್ಥಿಗಳಿಗೆ ಪಾಠ ಮಾಡ್ತೀನಿ. ಸ್ಕ್ರಿಪ್ಟ್ ನಾನೇ ಬರ್ದೆ. ನಾಲ್ಕು ಕುರ್ಚಿ ಜೋಡ್ಸಿ ಮೇಲೊಂದು ಬೆಡ್‌ಶೀಟ್ ಹಾಸಿದ್ರೆ ಅದೇ ಹಾಸಿಗೆ, ಅದರಲ್ಲಿ ಸಾಯೋ ಸ್ಥಿತೀಲಿರೋ ತಂದೆ, ಪಕ್ಕದಲ್ಲಿ ಮಗಳು. ಒಬ್ಬ ಡಾಕ್ಟರ್ ನಿಂತ ಕಾಲಲ್ಲೇ "ಇನ್ನೇನೂ ಮಾಡೋಕಾಗಲ್ಲ" ಅಂತ ಹೇಳಿ ಹೋಗ್ತಾನೆ, ಆಮೇಲೆ ಇನ್ನೊಬ್ಬ ಒಳ್ಳೇ ಡಾಕ್ಟರ್ ಬಂದು ಸಮಾಧಾನ ಮಾಡ್ತಾನೆ. ಮಗಳ ಪಾತ್ರಕ್ಕೆ ಕ್ಲಾಸಲ್ಲಿ ಚೆನ್ನಾಗಿ ಮಾತಾಡೋ ಒಬ್ಬ ಹುಡುಗೀನ ಎಲ್ಲರ ಎದುರಿಗೇ "ನೀನೇ ಮಾಡಮ್ಮ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಸರಿ ಸರ್" ಅಂದ್ಲು.

ನಾಟಕದ ದಿನ ಅವಳು ನಿಜವಾಗ್ಲೂ ಅತ್ಲು. ಇಡೀ ಹಾಲ್ ಎದ್ದು ನಿಂತು ಚಪ್ಪಾಳೆ ಹೊಡೀತು, ನಾನು ಸ್ಟೇಜ್ ಹತ್ತಿ ಥ್ಯಾಂಕ್ಸ್ ಹೇಳಿ ಎಲ್ರನ್ನೂ ಊಟಕ್ಕೆ ಕಳಿಸ್ಬಿಟ್ಟೆ. ವಾಪಸ್ ಬಂದು ನೋಡಿದ್ರೆ ಆ ಹುಡುಗಿ ಇನ್ನೂ ಅಲ್ಲೇ ನಿಂತಿದ್ಲು, ಬೆಡ್‌ಶೀಟನ್ನ ನಾಲ್ಕು ಮಡಿಕೆ ಮಾಡೋದು, ಬಿಚ್ಚೋದು, ಅಂಚಿಗೆ ಅಂಚು ಕೂಡಿಸಿ ಮತ್ತೆ ಮಡಚೋದು. ತುಂಬಾ ಚೆನ್ನಾಗಿ ಮಾಡ್ದೆ ಅಂದೆ. "ಸರ್, ನಮ್ಮಪ್ಪ ಹೋದ ವರ್ಷ ಹೀಗೇ ಹೋದ್ರು" ಅಂದ್ಲು.

ಇದನ್ನ ಕೇಳ್ದೋರೆಲ್ಲಾ ನೀವು ಅವಳನ್ನ ಆರಿಸಿದ್ದೇ ತಪ್ಪು ಅಂತಾರೆ. ಅದೂ ತಪ್ಪೇ, ಎಲ್ಲರ ಮುಂದೆ ಮೇಷ್ಟ್ರು ಕೇಳಿದ್ರೆ ಯಾವ ವಿದ್ಯಾರ್ಥಿ ಒಲ್ಲೆ ಅಂತಾಳೆ? ಆದ್ರೆ ಅದಕ್ಕಿಂತ ದೊಡ್ಡ ತಪ್ಪು, ನಾಟಕ ಮುಗಿದ ಮೇಲೆ ಮಾತಾಡೋಕೆ ನಾನು ಒಂದು ನಿಮಿಷಾನೂ ಇಟ್ಟಿರ್ಲಿಲ್ಲ. ಇದ್ದಿದ್ದು ಒಂದು ಗಂಟೆ, ಆ ಗಂಟೆ ಪೂರ್ತಿ ನಾಟಕಕ್ಕೇ ಹೋಯ್ತು, ಯಾಕಂದ್ರೆ ನಾಟಕಾನೇ ಪಾಠ ಅಂದ್ಕೊಂಡಿದ್ದೆ. ನಾಟಕ ಬರೀ ಗಾಯ ಬಿಚ್ಚುತ್ತೆ ಅಷ್ಟೇ, ಪಾಠ ಆಗೋದು ಆಮೇಲಿನ ಮಾತಲ್ಲಿ. ಹದಿನೈದೇ ನಿಮಿಷ ಎಲ್ರೂ ಸುತ್ತ ಕೂತು, ನಟಿಸ್ದೋರು ತಮ್ಮ ಹೆಸರು ಹೇಳಿ "ನಾನೀಗ ಆ ಮಗಳಲ್ಲ" ಅಂತ ಬಾಯಿಬಿಟ್ಟು ಹೇಳಿ ಪಾತ್ರದಿಂದ ಆಚೆ ಬಂದಿದ್ರೆ ಆ ಹುಡುಗಿ ಒಬ್ಬಳೇ ಬೆಡ್‌ಶೀಟ್ ಮಡಚ್ತಾ ನಿಲ್ಬೇಕಾಗಿರ್ಲಿಲ್ಲ. ಅವಳು ಆಮೇಲೆ ನನ್ನ ಕ್ಲಾಸಿಗೆ ಬರೋದೇ ಕಮ್ಮಿ ಮಾಡಿದ್ಲು, ಬಂದ್ರೂ ಹಿಂದಿನ ಬೆಂಚು. ಕ್ಷಮೆ ಕೇಳಿದೆ, ಪರ್ವಾಗಿಲ್ಲ ಸರ್ ಅಂದ್ಲು, ಆದ್ರೆ ಮೊದಲಿನ ಹಾಗೆ ಮಾತಾಡಲೇ ಇಲ್ಲ. ಮಿಕ್ಕೋರು ಕಲಿತಿದ್ದಾದ್ರೂ ಏನು? ಫೀಡ್‌ಬ್ಯಾಕಲ್ಲಿ ಎಲ್ರೂ "ಆ ಡಾಕ್ಟರ್ ಎಷ್ಟು ಕೆಟ್ಟೋನು" ಅಂತ ಬರೆದಿದ್ರು. ಅವನಲ್ಲಿ ತಮ್ಮನ್ನ ಕಂಡೋರು ಒಬ್ರೂ ಇಲ್ಲ.

ಹಾಗಾಗಿ ನಟರನ್ನ ಹುಡುಕೋದು ಬಿಡಿ. ರೋಗಿ ಪಾತ್ರ ಮಾಡೋರಿಗೆ ತರಬೇತಿ ಕೊಟ್ಟು ವೈದ್ಯಕೀಯ ಕಲಿಸೋ ಪದ್ಧತಿ ಹೊಸದಲ್ಲ, ಅಮೆರಿಕದ ನರರೋಗ ತಜ್ಞ ಹೊವರ್ಡ್ ಬ್ಯಾರೋಸ್ 1963ರಲ್ಲೇ ಶುರು ಮಾಡಿದ್ರು, ವಿದ್ಯಾರ್ಥಿಗಳನ್ನ ಪರೀಕ್ಷೆ ಮಾಡೋಕೆ ಅದು ಒಳ್ಳೇದೇ. ನಿಮಗೆ ಬೇಕಿರೋದು ಬೇರೆ. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೋ ಬೋಆಲ್ 1970ರ ದಶಕದಲ್ಲಿ ರೂಪಿಸಿದ ಫೋರಂ ಥಿಯೇಟರ್ ನೋಡಿ. ಕೆಟ್ಟದಾಗಿ ಮುಗಿಯೋ ಒಂದು ಚಿಕ್ಕ ಸೀನ್, ಅದನ್ನ ಮತ್ತೆ ಆಡ್ತಾರೆ, ನೋಡ್ತಾ ಕೂತೋರು ಯಾರು ಬೇಕಾದ್ರೂ "ನಿಲ್ಲಿಸಿ" ಅಂತ ಎದ್ದು ಬಂದು ಮುಖ್ಯ ಪಾತ್ರ ತಾವೇ ಮಾಡಿ ಬೇರೆ ದಾರಿ ಹುಡುಕ್ಬೋದು. ಒಳ್ಳೇ ಡಾಕ್ಟರ್‌ನ ನೀವು ಬರೆದು ಕೊಡಬೇಡಿ, ಅವನನ್ನ ಅವರೇ ಹುಡುಕ್ಲಿ.

ನಾನು ಈಗ ಮಾಡ್ಸೋದು ಆರೇಳು ನಿಮಿಷದ ಸೀನ್. ಆಪರೇಷನ್ ಹಿಂದಿನ ದಿನ ಕನ್ಸೆಂಟ್ ಫಾರಂಗೆ ಸೈನ್ ಹಾಕ್ಸೋದು, ಅಷ್ಟೇ ಕಥೆ. ಒಂದ್ಸಲ ಡಾಕ್ಟರ್ ಆಗಿದ್ದ ಹುಡುಗ ರೋಗಿಗೆ ಏನೂ ವಿವರಿಸೋ ಮೊದಲೇ ಪೆನ್ ಕ್ಯಾಪ್ ತೆಗೆದು ಪೆನ್ ಮುಂದೆ ಹಿಡಿದಿದ್ದ, ಹಾಗೆ ಹಿಡಿದಿದ್ದು ಅವನಿಗೇ ಗೊತ್ತಿರ್ಲಿಲ್ಲ. ಎರಡನೇ ಸಲ ಒಬ್ಬಳು "ನಿಲ್ಲಿಸಿ" ಅಂತ ಬಂದು ಪೆನ್ನನ್ನ ಜೇಬಿಗೆ ಹಾಕಿ, ಸ್ಟೂಲ್ ಎಳ್ಕೊಂಡು ಕೂತು, "ನಾಳೆ ಏನ್ ಮಾಡ್ತೀವಿ ಅಂತ ನಿಮಗೆ ಯಾರಾದ್ರೂ ಹೇಳಿದ್ದಾರಾ?" ಅಂದ್ಲು. ರೋಗಿ ಪಾತ್ರದೋನು "ಇಲ್ಲ, ಭಯ ಆಗ್ತಿದೆ" ಅಂದ, ಅದು ಸ್ಕ್ರಿಪ್ಟಲ್ಲೇ ಇರ್ಲಿಲ್ಲ. ಕೆಟ್ಟ ಸುದ್ದಿ ಹೇಳೋ ಸ್ಪೈಕ್ಸ್ ಕ್ರಮದ ಆರು ಹಂತದಲ್ಲಿ ಮೊದಲನೇದ್ರಲ್ಲೇ ಕೂತ್ಕೊಳ್ಳಿ ಅಂತ ಇದೆ, ಪರೀಕ್ಷೇಲಿ ಎಲ್ರೂ ಬರೀತಾರೆ, ಆದ್ರೆ ಕೂತ್ರೆ ಏನಾಗುತ್ತೆ ಅಂತ ಅವತ್ತು ಕಣ್ಣಾರೆ ನೋಡಿದ್ರು.

ಪಾತ್ರ ಕೊಡೋ ಮೊದಲು ಒಬ್ಬೊಬ್ರನ್ನೇ ಬೇರೆಯಾಗಿ ಕೇಳಿ, ಒಲ್ಲೆ ಅಂದ್ರೆ ಕಾರಣ ಕೇಳಬೇಡಿ. ಸೀನ್ ಎಷ್ಟು ಹೊತ್ತೋ ಅದರ ಎರಡರಷ್ಟು ಹೊತ್ತು ಮಾತಿಗೆ ಇಡಿ, ಅಷ್ಟು ಟೈಮ್ ಸಿಗಲ್ಲ ಅಂದ್ರೆ ನಾಟಕ ಮಾಡಿಸ್ಲೇಬೇಡಿ. ಇನ್ನು ಸ್ಕ್ರಿಪ್ಟಿಗೆ ಬೇರೆಲ್ಲೂ ಹೋಗಬೇಡಿ, ನೈಟ್ ಡ್ಯೂಟಿ ಮುಗಿಸಿ ಹೊರಡ್ತಿರೋ ಸಿಸ್ಟರ್ ಒಬ್ರನ್ನ ಕೂರಿಸ್ಕೊಂಡು ಕೇಳಿ, ಈ ವಾರ ಡಾಕ್ಟರ್ ಹೋದ್ಮೇಲೆ ಯಾವ ರೋಗಿ ನಿಮ್ಮನ್ನ ಕರೆದು "ಅವರು ಏನಂದ್ರು?" ಅಂತ ಕೇಳಿದ್ರು ಅಂತ. ಆ ಸೀನನ್ನೇ ಮಾಡ್ಸಿ.