ಇಪ್ಪತ್ತೊಂಬತ್ತಕ್ಕೆ ಎಂಬಿಬಿಎಸ್: ಹಾಡಿಯ ನರ್ಸ್ ಒಬ್ಬರ ಪ್ರಕರಣ

(ಗುರುತು ಸಿಗದಂತೆ ಊರು, ಕುಟುಂಬ, ಕೆಲಸಕ್ಕೆ ಸಂಬಂಧಿಸಿದ ಕೆಲವು ವಿವರ ಬದಲಿಸಲಾಗಿದೆ.)

ವಯಸ್ಸು 29. ಜೇನುಕುರುಬ ಸಮುದಾಯ. ತವರು ಮೈಸೂರು ಜಿಲ್ಲೆಯ ಕಾಡಂಚಿನ ಒಂದು ಹಾಡಿ (ಬುಡಕಟ್ಟು ಜನರ ಕೇರಿ). ಏಳನೆಯ ತರಗತಿವರೆಗೆ ಆಶ್ರಮ ಶಾಲೆ, ಆಮೇಲೆ ತಾಲ್ಲೂಕು ಕೇಂದ್ರದ ಹಾಸ್ಟೆಲಿನಲ್ಲಿದ್ದು ಸರ್ಕಾರಿ ಹೈಸ್ಕೂಲು. 2014ರಲ್ಲಿ ದ್ವಿತೀಯ ಪಿಯು ವಿಜ್ಞಾನ ಪಾಸು, ನಂತರ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ. ಈಗ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಗುತ್ತಿಗೆ ಸ್ಟಾಫ್ ನರ್ಸ್. ಗಂಡ ಕೊಡಗಿನ ಕಾಫಿ ತೋಟದಲ್ಲಿ, ಐದು ವರ್ಷದ ಮಗಳು ಅಜ್ಜಿಯ ಹತ್ತಿರ. 2025ರ ಮೇನಲ್ಲಿ ಯಾರಿಗೂ ಹೇಳದೆ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಬರೆದರು. 720ಕ್ಕೆ 96 ಬಂತು. ಸಲಹೆಗೆ ಬಂದಾಗ ಕೇಳಿದ ಮೊದಲ ಮಾತು: "ಸಾರ್, ನಂಗೆ ವಯಸ್ಸಾಗೋಯ್ತಾ?"

ಇಲ್ಲ. ಒಂದು ಕಾಲಕ್ಕೆ 25, ಮೀಸಲಾತಿಯವರಿಗೆ 30 ಎಂಬ ಮಿತಿ ಇತ್ತು. 2021ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ತೆಗೆಯಲು ತೀರ್ಮಾನಿಸಿತು, 2022ರ ಮಾರ್ಚಿನಲ್ಲಿ ಪ್ರಕಟಿಸಿತು. ಈಗಿರುವುದು ಕನಿಷ್ಠ ವಯಸ್ಸು ಮಾತ್ರ: ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಎಷ್ಟು ಸಲ ಬರೆಯಬಹುದು ಎಂಬುದಕ್ಕೂ ಮಿತಿಯಿಲ್ಲ.

ಎರಡನೆಯ ಅಳುಕು ಪಿಯು ಅಂಕದ್ದು. ಒಂದು ಕೋಚಿಂಗ್ ಸೆಂಟರಿನವರು "ಶೇ 50 ಇಲ್ಲ, ನಿಮಗೆ ಅರ್ಹತೆಯೇ ಇಲ್ಲ" ಎಂದು ಕಳಿಸಿದ್ದರಂತೆ. ಶೇ 50 ಸಾಮಾನ್ಯ ವರ್ಗಕ್ಕೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಶೇ 40 ಸಾಕು, ಇಂಗ್ಲಿಷ್ ಪಾಸಾಗಿರಬೇಕು. ಇವರದು 36, 38, 55, ಒಟ್ಟು 129. ಬೇಕಾದದ್ದು 300ಕ್ಕೆ 120. ಒಂಬತ್ತು ಅಂಕ ಮೇಲಿದ್ದಾರೆ. ಆ ಒಂದು ತಪ್ಪು ಮಾತಿನಿಂದ ಎರಡು ವರ್ಷ ಅರ್ಜಿಯನ್ನೇ ಹಾಕಿರಲಿಲ್ಲ.

ಇಷ್ಟಾದ ಮೇಲೆ ಉಳಿದದ್ದು ಕಾಗದ, ಓದು, ದುಡ್ಡು. ಇದೇ ಕ್ರಮದಲ್ಲಿ. ಹಾಡಿಯಿಂದ ತಡವಾಗಿ ಬರುವ ಅಭ್ಯರ್ಥಿ ಹೆಚ್ಚಾಗಿ ಎಡವುವುದು ಪರೀಕ್ಷೆಯಲ್ಲಿ ಅಲ್ಲ, ರ್‍ಯಾಂಕ್ ಬಂದ ಮೇಲೆ ದಾಖಲೆ ಪರಿಶೀಲನೆಯಲ್ಲಿ. ಆ ಹೊತ್ತಿಗೆ ನಾಡಕಚೇರಿಗೆ ಓಡಿದರೆ ಏನೂ ಆಗುವುದಿಲ್ಲ.

ಕಾಗದ ಮೊದಲು

ಜಾತಿ ಪ್ರಮಾಣಪತ್ರದ ವಿಷಯದಲ್ಲಿ ಎರಡು ತೊಡಕು ಒಟ್ಟಿಗೆ ಬಂದವು. ಆಶ್ರಮ ಶಾಲೆಯ ದಾಖಲಾತಿ ವಹಿಯಲ್ಲಿ "ಜೇನು ಕುರುಬ" ಎಂದೇ ಇದೆ. ಹೈಸ್ಕೂಲಿಗೆ ಸೇರಿಸುವಾಗ ಯಾರೋ "ಹಿಂದೂ ಕುರುಬ" ಎಂದು ಬರೆದಿದ್ದಾರೆ; ಟಿಸಿಗೂ ಅದೇ ಇಳಿದಿದೆ. ಜೇನುಕುರುಬರು ಪರಿಶಿಷ್ಟ ಪಂಗಡ, ಕುರುಬರು ಹಿಂದುಳಿದ ವರ್ಗಗಳ ಪ್ರವರ್ಗ 2ಎ. ಪರಿಶೀಲನೆಗೆ ಕೂತವರು ಟಿಸಿ ನೋಡಿ ಹುಬ್ಬೇರಿಸಿದರೆ ಅವರದು ತಪ್ಪಲ್ಲ. ಎರಡನೆಯದು, ಮದುವೆಯಾದ ಮೇಲೆ ಗಂಡನ ಊರಿನ ನಾಡಕಚೇರಿಯಲ್ಲಿ ಅರ್ಜಿ ಹಾಕಿದ್ದರು. "ನಿಮ್ಮ ಬೇರು ಇಲ್ಲಿಲ್ಲ" ಎಂದು ಅಲ್ಲಿ ತಿರಸ್ಕರಿಸಿದ್ದರು.

ಹೆಣ್ಣುಮಕ್ಕಳ ಜಾತಿ ಹುಟ್ಟಿನಿಂದ, ತಂದೆಯ ಕಡೆಯಿಂದ. ಮದುವೆಯಿಂದ ಅದು ಬದಲಾಗುವುದಿಲ್ಲ. ಆದ್ದರಿಂದ ಅರ್ಜಿ ತವರಿನ ಹೋಬಳಿಯ ನಾಡಕಚೇರಿಗೆ, ತಂದೆಯ ಹೆಸರಿನಲ್ಲಿ. ಕೇಳಬೇಕಾದದ್ದು ನಮೂನೆ-ಡಿ, ಅಂದರೆ ಪರಿಶಿಷ್ಟರಿಗೆ ಕೊಡುವ ಜಾತಿ ಪ್ರಮಾಣಪತ್ರ. ಜೊತೆಗೆ ಲಗತ್ತಿಸಲು ಹೇಳಿದ್ದು: ಆಶ್ರಮ ಶಾಲೆಯ ದಾಖಲಾತಿ ವಹಿಯ ದೃಢೀಕೃತ ಪ್ರತಿ, ವಂಶವೃಕ್ಷ, ಅಣ್ಣನಿಗೆ ಈಗಾಗಲೇ ಸಿಕ್ಕಿರುವ ಜಾತಿ ಪ್ರಮಾಣಪತ್ರ, ಅರಣ್ಯ ಹಕ್ಕು ಕಾಯ್ದೆಯಡಿ ತಂದೆಗೆ ಬಂದ ಹಕ್ಕುಪತ್ರ. ಟಿಸಿಯನ್ನು ಮುಚ್ಚಿಡಬೇಡಿ ಎಂದೂ ಹೇಳಲಾಯಿತು. ಅದನ್ನೂ ಇಟ್ಟು, ಬರಹದಲ್ಲಿ ತಪ್ಪಾಗಿದೆ, ಸ್ಥಳ ವಿಚಾರಣೆ ಮಾಡಿ ಎಂದು ಮನವಿ ಕೊಡಬೇಕು. ಗ್ರಾಮ ಆಡಳಿತ ಅಧಿಕಾರಿ ಹಾಡಿಗೆ ಬಂದು ನಾಲ್ಕು ಜನರ ಹೇಳಿಕೆ ಪಡೆದರೆ ವಿಷಯ ಮುಗಿಯುತ್ತದೆ. ತಹಶೀಲ್ದಾರ್ ಒಪ್ಪದಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಇದೆ, ಅದಕ್ಕೆ 30 ದಿನದ ಗಡುವು. ಹಾಗಾಗಿ ತಿರಸ್ಕಾರವನ್ನು ಬಾಯಿಮಾತಲ್ಲಿ ಕೇಳಿ ಬರಬಾರದು, ಲಿಖಿತ ಹಿಂಬರಹ ಕೇಳಿ ಪಡೆಯಬೇಕು. ಪ್ರಮಾಣಪತ್ರ ಬಂದ ಮೇಲೆ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ರಾಜ್ಯದ ವೈದ್ಯಕೀಯ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಅರ್ಜಿಯಲ್ಲಿ ಕೇಳುವುದು ಅದನ್ನೇ. ಅಖಿಲ ಭಾರತ ಕೋಟಾಕ್ಕೆ ಕೇಂದ್ರದ ನಮೂನೆಯಲ್ಲಿ ಇನ್ನೊಂದು ಬೇಕು, ಅದನ್ನೂ ಆಗಲೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಗ್ರಾಮೀಣ ಕೋಟಾದ ಬಗ್ಗೆ ಇವರಿಗೆ ಪೂರ್ತಿ ಧೈರ್ಯವಿತ್ತು. ಹಾಡಿಯವರೇ ಗ್ರಾಮೀಣರಲ್ಲದಿದ್ದರೆ ಇನ್ಯಾರು ಎಂಬ ಲೆಕ್ಕ. ಆದರೆ ನಿಯಮ ನೋಡುವುದು ಮನೆ ಎಲ್ಲಿದೆ ಎಂದಲ್ಲ, ಶಾಲೆ ಎಲ್ಲಿತ್ತು ಎಂದು. ಒಂದರಿಂದ ಹತ್ತನೆಯ ತರಗತಿವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಪಟ್ಟಣ ಪಂಚಾಯಿತಿ ವ್ಯಾಪ್ತಿ ಕೂಡ ಗ್ರಾಮೀಣವಲ್ಲ. ಹೈಸ್ಕೂಲಿನ ಮೂರು ವರ್ಷ ತಾಲ್ಲೂಕು ಕೇಂದ್ರದಲ್ಲಿ ಕಳೆದಿದ್ದರಿಂದ ಶೇ 15ರ ಆ ಮೀಸಲಾತಿ ಕೈತಪ್ಪಿತು. ಹಾಡಿಯ ಹತ್ತಿರ ಹೈಸ್ಕೂಲೇ ಇರಲಿಲ್ಲ ಎಂಬುದನ್ನು ನಿಯಮ ಕೇಳಿಸಿಕೊಳ್ಳುವುದಿಲ್ಲ. ಇದು ನ್ಯಾಯವಲ್ಲ, ಆದರೆ ಅರ್ಜಿಯಲ್ಲಿ ಗ್ರಾಮೀಣ ಎಂದು ತಪ್ಪಾಗಿ ಗುರುತು ಹಾಕಿದರೆ ಪರಿಶೀಲನೆಯಲ್ಲಿ ಸಿಕ್ಕಿಬೀಳುವುದು ಖಂಡಿತ. ಹತ್ತೂ ವರ್ಷ ಕನ್ನಡ ಮಾಧ್ಯಮವಾದ್ದರಿಂದ ಶೇ 5ರ ಕನ್ನಡ ಮಾಧ್ಯಮ ಮೀಸಲಾತಿ ಮಾತ್ರ ಗಟ್ಟಿಯಾಗಿ ಉಳಿಯಿತು. ಅದಕ್ಕೆ ಎರಡೂ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತಂದು ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಹಾಕಿಸಬೇಕು. ಈಗಿನ ಮಕ್ಕಳ ವಿವರ ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆ ಸ್ಯಾಟ್ಸ್‌ನಲ್ಲಿ ಸಿಗುತ್ತದೆ. 2014ಕ್ಕೇ ಪಿಯು ಮುಗಿಸಿದವರದು ಧೂಳು ಹಿಡಿದ ವಹಿಯಲ್ಲಿ ಮಾತ್ರ. ಮುಖ್ಯ ಶಿಕ್ಷಕರು ಹುಡುಕಿ ಕೊಡಲು ಪುರುಸೊತ್ತು ಇರುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಬೇಸಿಗೆ ರಜೆಯಲ್ಲಿ ಶಾಲೆಯ ಬೀಗವೇ ತೆಗೆಯುವುದಿಲ್ಲ.

ಹೆಸರಿನದು ಚಿಕ್ಕ ತೊಡಕು, ಆದರೆ ತಲೆನೋವು ದೊಡ್ಡದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಹೆಸರಿನ ಮುಂದೆ ಗಂಡನ ಹೆಸರು. ನೀಟ್ ಅರ್ಜಿ ಹತ್ತನೆಯ ತರಗತಿಯ ದಾಖಲೆಯಂತೆ ಇರಬೇಕಾದ್ದರಿಂದ ಆಧಾರ್ ಅನ್ನೇ ತಿದ್ದಿಸುವಂತೆ ಸೂಚಿಸಲಾಯಿತು. ಆಧಾರ್‌ಗೆ ಜೋಡಿಸಿದ್ದ ಮೊಬೈಲ್ ನಂಬರು ಎಂದೋ ಕಳೆದುಹೋದ ಸಿಮ್ಮಿನದು. ಒಟಿಪಿ ಹೋಗುವುದು ಅದಕ್ಕೇ. ಎರಡನ್ನೂ ಒಂದೇ ಸಲ ಮಾಡಿಸಿಕೊಂಡರು.

96 ಅಂಕ ಹೇಳುವುದೇನು

ಒಎಂಆರ್ ಪ್ರತಿಯನ್ನೂ ಕೀ ಉತ್ತರವನ್ನೂ ಎದುರು ಇಟ್ಟುಕೊಂಡು ಲೆಕ್ಕ ಹಾಕಿದ್ದು ಈ ಪ್ರಕರಣದಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಕೆಲಸ. 2025ರ ಮಾದರಿಯಲ್ಲಿ 180 ಪ್ರಶ್ನೆ, 180 ನಿಮಿಷ. ಜೀವಶಾಸ್ತ್ರ 90, ಉಳಿದೆರಡು 45, 45. ಸರಿಗೆ 4, ತಪ್ಪಿಗೆ ಕಳೆಯುವುದು 1. ಇವರು 174 ಗುರುತಿಸಿದ್ದರು, 54 ಸರಿ, 120 ತಪ್ಪು. ಜೀವಶಾಸ್ತ್ರದಲ್ಲಿ 90ಕ್ಕೆ 36, ರಸಾಯನಶಾಸ್ತ್ರದಲ್ಲಿ 44ಕ್ಕೆ 10, ಭೌತಶಾಸ್ತ್ರದಲ್ಲಿ 40ಕ್ಕೆ 8.

ನಾಲ್ಕು ಆಯ್ಕೆಯಲ್ಲಿ ಕಣ್ಣು ಮುಚ್ಚಿ ಗುರುತಿಸಿದರೂ ನಾಲ್ಕರಲ್ಲೊಂದು ಸರಿಯಾಗುತ್ತದೆ. ಅಂದರೆ ಭೌತ, ರಸಾಯನ ಎರಡರಲ್ಲೂ ಬಂದದ್ದು ಕುರುಡು ಗುರುತಿಗಿಂತ ಕಡಿಮೆ. ಅರ್ಧ ನೆನಪಿದ್ದ ಸೂತ್ರ ತಪ್ಪು ಆಯ್ಕೆಯ ಕಡೆಗೇ ಎಳೆದಿದೆ. ನಿಜವಾಗಿ ಅಂಕ ತಂದದ್ದು ಜೀವಶಾಸ್ತ್ರ ಒಂದೇ. "ಮೈನಸ್ ಅಂಕ ನನ್ನ ಕೆಡಿಸ್ತು" ಎಂದು ಇವರು ನಂಬಿದ್ದರು. ಅದೂ ಅಲ್ಲ: ಕುರುಡಾಗಿ ಗುರುತಿಸಿದರೆ ಸರಾಸರಿಯಲ್ಲಿ ಪ್ರಶ್ನೆಗೆ ಕಾಲು ಅಂಕ ಬರುತ್ತದೆಯೇ ಹೊರತು ಹೋಗುವುದಿಲ್ಲ. ಒಂದು ಆಯ್ಕೆಯನ್ನಾದರೂ ತಳ್ಳಿಹಾಕಲು ಬಂದರೆ ಗುರುತಿಸುವುದೇ ಲಾಭ. ಹೋದದ್ದು ಸಮಯ. ಭೌತಶಾಸ್ತ್ರದ ಲೆಕ್ಕದ ಮುಂದೆ ಮುಕ್ಕಾಲು ಗಂಟೆಗೂ ಮೇಲೆ ಕೂತಿದ್ದರು.

ಜೀವಶಾಸ್ತ್ರದಲ್ಲೂ ಒಂದು ವಿಚಿತ್ರವಿತ್ತು. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ತಪಾಸಣಾ ಶಿಬಿರಗಳಲ್ಲಿ ಹಾಡಿ ಹಾಡಿ ತಿರುಗಿ ರಕ್ತ ಪರೀಕ್ಷೆ ಮಾಡಿದವರು ಇವರು. ಎನ್‌ಸಿಇಆರ್‌ಟಿ ಪಠ್ಯಪುಸ್ತಕ ಕೇಳುವುದು ಬೇರೆ: ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲೀನ್, ಆರ್‌ಎನ್‌ಎ ಸಂಕೇತದಲ್ಲಿ ಜಿಎಜಿ ಹೋಗಿ ಜಿಯುಜಿ. ರೋಗ ಗೊತ್ತು, ಪುಸ್ತಕದ ಸಾಲು ಗೊತ್ತಿಲ್ಲ. ನರ್ಸಿಂಗ್ ಓದಿದವರೆಲ್ಲ ಇಲ್ಲೇ ಮೋಸ ಹೋಗುತ್ತಾರೆ. ಮಾನವ ಶರೀರಕ್ರಿಯೆ ಗೊತ್ತಿದೆ ಎಂದು ಬಿಟ್ಟುಬಿಡುತ್ತಾರೆ. ಪ್ರಶ್ನೆ ಬರುವುದು ಪುಸ್ತಕದ ವಾಕ್ಯದಿಂದ.

ಇನ್ನೊಂದು, ಓದುತ್ತಿದ್ದ ಪುಸ್ತಕ ಪಿಯು ಕಾಲದ್ದು. 2024ರಿಂದ ಪಠ್ಯಕ್ರಮ ಇಳಿದಿದೆ. ಜೀರ್ಣಕ್ರಿಯೆ, ಸಸ್ಯಗಳ ಖನಿಜ ಪೋಷಣೆ, ಘನಸ್ಥಿತಿ, ಮೇಲ್ಮೈ ರಸಾಯನಶಾಸ್ತ್ರ ಈಗಿಲ್ಲ. ಇಲ್ಲದ ಅಧ್ಯಾಯಗಳಿಗೆ ರಾತ್ರಿಗಟ್ಟಲೆ ನಿದ್ದೆಗೆಟ್ಟಿದ್ದರು. ಆಯೋಗದ ಪಠ್ಯಕ್ರಮದ ಪ್ರತಿ ಮುದ್ರಿಸಿ, ಹಳೆಯ ಪುಸ್ತಕದಲ್ಲಿ ಬಿಟ್ಟ ಅಧ್ಯಾಯಗಳಿಗೆ ಪೆನ್ಸಿಲಿನಲ್ಲಿ ಗೀಟು ಹಾಕಿಸಲಾಯಿತು.

ಹೊಸ ಲೆಕ್ಕ ಹೀಗೆ: ಜೀವಶಾಸ್ತ್ರದಲ್ಲಿ 72 ಸರಿ, 12 ತಪ್ಪು, 276 ಅಂಕ. ರಸಾಯನದಲ್ಲಿ 20 ಸರಿ, 8 ತಪ್ಪು, 72. ಭೌತದಲ್ಲಿ 12 ಸರಿ, 6 ತಪ್ಪು, 42. ಒಟ್ಟು 390. ಪರೀಕ್ಷೆಯಲ್ಲಿ ಮೊದಲ 50 ನಿಮಿಷ ಜೀವಶಾಸ್ತ್ರ, ಕೊನೆಗೆ ಭೌತಶಾಸ್ತ್ರ. ಭೌತಶಾಸ್ತ್ರದಲ್ಲಿ ಎಲ್ಲವನ್ನೂ ಹಿಡಿಯುವ ಆಸೆ ಬಿಟ್ಟು ವಿದ್ಯುತ್ ಪ್ರವಾಹ, ಕಿರಣ ದೃಗ್ವಿಜ್ಞಾನ, ಪರಮಾಣು ಮತ್ತು ಬೀಜಕೇಂದ್ರ, ಅರೆವಾಹಕ, ಮಾನಗಳು ಮತ್ತು ಅಳತೆ, ಇಷ್ಟನ್ನೇ ಗಟ್ಟಿ ಮಾಡುವುದು. ರಾತ್ರಿ ಪಾಳಿಯ ವಾರ ಹೊಸ ಪಾಠವಿಲ್ಲ, ಜೀವಶಾಸ್ತ್ರದ ಮರು ಓದು ಮಾತ್ರ. ಐಐಟಿ ಕಾನ್ಪುರದ ಸಾಥಿ ಪೋರ್ಟಲಿನಲ್ಲಿ ಪಾಠ, ಮಾದರಿ ಪರೀಕ್ಷೆ ಉಚಿತವಾಗಿ ಸಿಗುತ್ತವೆ. ಸಾಲ ಮಾಡಿ ಕೋಚಿಂಗ್ ಸೇರುವ ಮಾತು ಬೇಡ ಎಂದು ಖಡಾಖಂಡಿತವಾಗಿ ಹೇಳಲಾಯಿತು.

ಪ್ರಶ್ನೆಪತ್ರಿಕೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ? ಕನ್ನಡ ಆರಿಸಿದರೆ ಕನ್ನಡ, ಇಂಗ್ಲಿಷ್ ಎರಡೂ ಇರುವ ಪತ್ರಿಕೆ ಕೊಡುತ್ತಾರೆ, ಕೇಂದ್ರ ಕರ್ನಾಟಕದೊಳಗೇ ಇರುತ್ತದೆ. ಅನುವಾದದಲ್ಲಿ ವ್ಯತ್ಯಾಸ ಬಂದರೆ ಇಂಗ್ಲಿಷಿನದೇ ಅಂತಿಮ. ಪಿಯುನಲ್ಲಿ ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲೇ ಕಲಿತವರಿಗೆ ದ್ವಿಭಾಷೆಯ ಪತ್ರಿಕೆಯೇ ಅನುಕೂಲ: ಓದುವುದು ಇಂಗ್ಲಿಷ್, ಉದ್ದ ವಾಕ್ಯ ತಿಳಿಯದಿದ್ದಾಗ ಮಾತ್ರ ಕನ್ನಡದತ್ತ ಕಣ್ಣು. ಎರಡನ್ನೂ ಸಾಲು ಸಾಲಾಗಿ ಓದಲು ಹೋದರೆ ಸಮಯ ಸಾಲದು.

"ಪುಸ್ತಕ ಹಿಡಿದ್ರೆ ನಿದ್ದೆ ಬರುತ್ತೆ ಸಾರ್, ನನ್ ತಲೇಗೆ ಹತ್ತಲ್ವೇನೋ" ಎಂದಿದ್ದರು. ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ ಎಂದಾಗ ನಕ್ಕರು; ದಿನಾ ಬೇರೆಯವರದು ನೋಡುವವರಲ್ಲವೇ. 9.1 ಬಂತು, ರಕ್ತಹೀನತೆ. ವೈದ್ಯರನ್ನು ಕಂಡು ಚಿಕಿತ್ಸೆ ಶುರುಮಾಡಿದರು. ತಲೆಯ ಬಗೆಗಿನ ಆ ಮಾತು ಮತ್ತೆ ಬರಲಿಲ್ಲ.

ಅರ್ಜಿಯಿಂದ ಸೀಟಿನವರೆಗೆ

ನೀಟ್ ಅರ್ಜಿ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್‌ನಲ್ಲಿ. ಪರಿಶಿಷ್ಟರಿಗೆ 2025ರಲ್ಲಿ ಶುಲ್ಕ ₹1,000. ನೀಟ್‌ಗೆ ಹಾಕಿದರೆ ಕೆಇಎಗೂ ಹಾಕಿದಂತೆ ಎಂದುಕೊಂಡು ಸೀಟು ಕಳೆದುಕೊಳ್ಳುವವರಿದ್ದಾರೆ. ರಾಜ್ಯದ ಸರ್ಕಾರಿ ಕಾಲೇಜುಗಳ ಶೇ 85ರ ಸೀಟು ಕೆಇಎ ಕೈಯಲ್ಲಿ, ಅಲ್ಲಿ ಬೇರೆಯೇ ನೋಂದಣಿ. ಉಳಿದ ಶೇ 15 ಅಖಿಲ ಭಾರತ ಕೋಟಾ, ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ (ಎಂಸಿಸಿ) ಮೂಲಕ. ಅದಕ್ಕೆ ಪರಿಶಿಷ್ಟರು ₹500 ಶುಲ್ಕ, ₹5,000 ಠೇವಣಿ ಕಟ್ಟಬೇಕು. ಅದೇ ಪರದೆಯಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಚೌಕಕ್ಕೂ ಗುರುತು ಹಾಕಿದರೆ ಠೇವಣಿ ಎರಡು ಲಕ್ಷಕ್ಕೆ ಏರುತ್ತದೆ, ಎಚ್ಚರ.

ಅರ್ಹತೆ ಬೇರೆ, ಸೀಟು ಬೇರೆ. 2025ರಲ್ಲಿ ಪರಿಶಿಷ್ಟರ ಅರ್ಹತಾ ಅಂಕ 113, ಹಿಂದಿನ ವರ್ಷ 127. ಪತ್ರಿಕೆ ಕಷ್ಟವಾದಂತೆ ಅಂಕ ಕುಸಿಯುವುದರಿಂದ ಅಂಕಕ್ಕಿಂತ ರ್‍ಯಾಂಕ್ ನೋಡಬೇಕು. ಕೆಇಎ ಪ್ರಕಟಿಸುವ ಕಟಾಫ್ ಪಟ್ಟಿಯಲ್ಲಿ ಎಸ್‌ಟಿಜಿ, ಎಸ್‌ಟಿಆರ್, ಎಸ್‌ಟಿಕೆ ಎಂಬ ಮೂರು ಕಾಲಂ ಇರುತ್ತವೆ: ಪರಿಶಿಷ್ಟ ಪಂಗಡದೊಳಗೆ ಸಾಮಾನ್ಯ, ಗ್ರಾಮೀಣ, ಕನ್ನಡ ಮಾಧ್ಯಮ. ಇವರು ನೋಡಬೇಕಾದದ್ದು ಮೊದಲನೆಯದು ಮತ್ತು ಮೂರನೆಯದು. ರಾಜ್ಯದಲ್ಲಿ ಪರಿಶಿಷ್ಟ ಪಂಗಡದ ಮೀಸಲು 2022ರಲ್ಲಿ ಶೇ 3ರಿಂದ 7ಕ್ಕೆ ಏರಿತು. ಅದರೊಳಗೆ ಜೇನುಕುರುಬ, ಕೊರಗರಂಥ ವಿಶೇಷ ದುರ್ಬಲ ಬುಡಕಟ್ಟುಗಳಿಗೆಂದು ಪ್ರತ್ಯೇಕ ಪಾಲಿಲ್ಲ. ಸಂಖ್ಯೆಯಲ್ಲೂ ಓದಿನಲ್ಲೂ ಬಹಳ ಮುಂದಿರುವ ಸಮುದಾಯಗಳ ಜೊತೆಗೇ ಪೈಪೋಟಿ. ಇದನ್ನು ಮುಚ್ಚಿಟ್ಟು ಹುರಿದುಂಬಿಸುವುದು ಸಲಹೆಯಲ್ಲ.

ಆಯ್ಕೆ ನಮೂದಿಸುವಾಗ ಮಗಳಿಗೆ ಹತ್ತಿರವಾದ ಮೈಸೂರು, ಚಾಮರಾಜನಗರ, ಮಡಿಕೇರಿ ಮೊದಲು, ಆಮೇಲೆ ರಾಜ್ಯದ ಉಳಿದ ಎಲ್ಲ ಸರ್ಕಾರಿ ಕಾಲೇಜು, ಒಂದೂ ಬಿಡದೆ. ಸಿಗುವುದಿಲ್ಲ ಎಂದು ಬಿಟ್ಟ ಕಾಲೇಜು ಕೊನೆಯ ಸುತ್ತಿನಲ್ಲಿ ಕೆಳಗಿನ ರ್‍ಯಾಂಕಿಗೆ ಹೋಗುವುದುಂಟು. "ಸೀಟು ಮಾಡಿಸಿಕೊಡ್ತೀವಿ" ಎಂಬ ಫೋನು ಈಗಾಗಲೇ ಎರಡು ಬಂದಿದ್ದವು, ಬ್ಲಾಕ್ ಮಾಡಿದ್ದಾರೆ.

ದುಡ್ಡಿನ ಮಾತಿಗೆ ಗಂಡನನ್ನೂ ಕರೆಸಲಾಯಿತು. ಕೋರ್ಸು ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಹಾಜರಾತಿಯ ಕಾರಣ ಜೊತೆಗೆ ಕೆಲಸ ಅಸಾಧ್ಯ, ಗುತ್ತಿಗೆ ಬಿಡಲೇಬೇಕು. ಮೊದಲ ವರ್ಷದ ಪರೀಕ್ಷೆಗೆ ನಾಲ್ಕೇ ಅವಕಾಶ, ಇಡೀ ಕೋರ್ಸಿಗೆ ಒಂಬತ್ತು ವರ್ಷದ ಮಿತಿ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ, ಕೇಂದ್ರದ ಯೋಜನೆಯ ಆದಾಯ ಮಿತಿ ₹2.5 ಲಕ್ಷ, ಹಣ ತಡವಾಗಿ ಬರುತ್ತದೆ, ಆಧಾರ್ ಜೋಡಣೆಯಾದ ಖಾತೆಗೇ ಬರುತ್ತದೆ. ಇವರ ಆಧಾರ್ ಜೋಡಣೆಯಾಗಿದ್ದದ್ದು ಬಳಕೆಯಲ್ಲೇ ಇಲ್ಲದ ಒಂದು ಖಾತೆಗೆ. ಅದನ್ನು ಬದಲಿಸುವುದು, ಸಂಘದ ಸಾಲದಲ್ಲಿ ಉಳಿದ ₹22,000 ಏಪ್ರಿಲ್ ಒಳಗೆ ತೀರಿಸುವುದು, ಮೊದಲ ಮೂರು ತಿಂಗಳ ಖರ್ಚನ್ನು ಕೈಯಲ್ಲಿ ಇಟ್ಟುಕೊಳ್ಳುವುದು ಎಂದು ನಿಗದಿಯಾಯಿತು. ಗಂಡ ಕೇಳಿದ್ದು ಒಂದೇ: "ಅಲ್ಲಿವರೆಗೂ ಮಗು ನಮ್ಮತ್ತೆ ಹತ್ರಾನೇ ಇರ್ಬೇಕಾ ಸಾರ್?" ಹಾಸ್ಟೆಲಿನಲ್ಲಿ ಮಗುವಿಗೆ ಜಾಗವಿಲ್ಲ. ಮೈಸೂರು ಸಿಕ್ಕರೆ ಅಜ್ಜಿಯೂ ಬಂದು ಬಾಡಿಗೆ ಮನೆ, ಬೇರೆ ಊರಾದರೆ ಮೊದಲ ವರ್ಷ ಹಾಡಿಯಲ್ಲೇ ಎಂದು ಇಬ್ಬರೂ ಮಾತಾಡಿಕೊಂಡಿದ್ದಾರೆ.

ನಮೂನೆ-ಡಿ ಸ್ಥಳ ವಿಚಾರಣೆಯ ನಂತರ ಕೈಗೆ ಬಂದಿದೆ. ಇತ್ತೀಚಿನ ಮಾದರಿ ಪರೀಕ್ಷೆಯಲ್ಲಿ ಜೀವಶಾಸ್ತ್ರ 90ಕ್ಕೆ 61 ಸರಿ. ಭೌತಶಾಸ್ತ್ರ ಇನ್ನೂ 9ರಲ್ಲೇ ನಿಂತಿದೆ. ಇನ್ನೆರಡು ಪ್ರಯತ್ನಕ್ಕೆ ಒಪ್ಪಂದವಾಗಿದೆ. ಅಷ್ಟರೊಳಗೆ ಸೀಟಿನ ರ್‍ಯಾಂಕ್ ಹತ್ತಿರ ಬರದಿದ್ದರೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್‌ಸಿ ನರ್ಸಿಂಗ್, ಅಲ್ಲಿಂದ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆಯ ದಾರಿ. ಆ ಅರ್ಜಿಯನ್ನೂ ಮುಂದಿನ ವರ್ಷವೇ ಜೊತೆಗೆ ಹಾಕಿಡುತ್ತಾರೆ.