ಬಾಟಲಿಯ ನೀರು ಬೆಳಕು ಹುಟ್ಟಿಸುತ್ತದೆಯೇ?

ಪ್ರಶ್ನೆ: ಸರ್, ನಾನು ಸೋಮವಾರಪೇಟೆ ಕಡೆಯ ಹೈಸ್ಕೂಲ್ ಟೀಚರ್. ಚಾವಣಿ ಕೊರೆದು ನೀರು ತುಂಬಿದ ಬಾಟಲಿ ಸಿಕ್ಕಿಸಿದರೆ ಹಗಲಲ್ಲಿ ಬಲ್ಬಿನ ಹಾಗೆ ಬೆಳಗುವ ವಿಡಿಯೋ ನೋಡಿ, ಶಾಲೆಯಲ್ಲೂ ಮಾಡೋಣ ಅಂತ ಮಕ್ಕಳು ಹಠ ಹಿಡಿದಿದ್ದಾರೆ. ನಮ್ಮ ಮನೆಗಳಲ್ಲಿ ಗಾಜಿನ ಹೆಂಚು ಇದ್ದೇ ಇದೆಯಲ್ಲ, ಇದರಲ್ಲಿ ಏನು ವಿಶೇಷ? ಇದರಿಂದ ವಕ್ರೀಭವನ, ಅಂದರೆ ಬೆಳಕು ಬಾಗುವುದನ್ನು ಹೇಳಿಕೊಡಬಹುದಾ?

ಉತ್ತರ: ಖಂಡಿತ ಹೇಳಿಕೊಡಬಹುದು ಟೀಚರ್, ಆದರೆ ಶಾಲೆಯ ಚಾವಣಿ ಮಾತ್ರ ಮುಟ್ಟಬೇಡಿ. ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ಅದು ಸೋರದೆ ಇರುವುದು ಕಷ್ಟ. ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಸಾಕು.

ಈ ದೀಪ ಮಾಡಿದವರು ಬ್ರೆಜಿಲ್‌ನ ಆಲ್ಫ್ರೆಡೊ ಮೋಸರ್, 2002ರಲ್ಲಿ. ಅವರು ಮೆಕ್ಯಾನಿಕ್ ಅನ್ನುವುದನ್ನು ಮಕ್ಕಳಿಗೆ ಮರೆಯದೆ ಹೇಳಿ. ಆಮೇಲೆ ಫಿಲಿಪ್ಪೀನ್ಸ್‌ನಲ್ಲಿ ಸಾವಿರಾರು ತಗಡಿನ ಮನೆಗಳಿಗೆ ಇದು ಹೋಯಿತು. ಬಿಸಿಲು ಚೆನ್ನಾಗಿದ್ದರೆ 40ರಿಂದ 60 ವ್ಯಾಟ್ ಬಲ್ಬಿನಷ್ಟು ಬೆಳಕು ಬರುತ್ತದೆ.

ಪೆಟ್ಟಿಗೆಯ ಮೇಲ್ಭಾಗದಲ್ಲಿ 2 ಲೀಟರ್ ಬಾಟಲಿ ಬಿಗಿಯಾಗಿ ಕೂರುವ ತೂತು ಮಾಡಿ. ಅರ್ಧ ಹೊರಗೆ, ಅರ್ಧ ಒಳಗೆ. ಸಂದಿಗೆಲ್ಲ ಕಪ್ಪು ಟೇಪ್ ಹಚ್ಚಿ. ಒಳಗಿನ ಮೂಲೆಗಳಲ್ಲಿ ಅಕ್ಷರ ಬರೆಸಿ, ಇಣುಕಿ ನೋಡಲು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಕಿಂಡಿ ಬಿಡಿ. ಮೊದಲು ಖಾಲಿ ಬಾಟಲಿ ಇಡಬೇಕು, ಇದನ್ನು ಯಾರೂ ಮಾಡುವುದೇ ಇಲ್ಲ, ಅದಕ್ಕೇ ಎಷ್ಟೋ ಮಕ್ಕಳು ನೀರೇ ಬೆಳಕು ಕೊಡುತ್ತದೆ ಅಂದುಕೊಂಡುಬಿಡುತ್ತಾರೆ. ಖಾಲಿ ಬಾಟಲಿ ಇಟ್ಟಾಗ ಬಿಸಿಲು ಹೆಚ್ಚುಕಮ್ಮಿ ನೇರ ಇಳಿದು ಒಂದೇ ಕಡೆ ಬೀಳುತ್ತದೆ, ಮೂಲೆ ಕತ್ತಲಾಗಿಯೇ ಇರುತ್ತದೆ. ಈಗ ನೀರು ತುಂಬಿ ಇಡಿ. ಮೂಲೆಯ ಅಕ್ಷರ ಓದಲು ಬರುತ್ತದೆ. ಯಾಕೆ ಅಂತ ಅವರೇ ಕೇಳಲಿ, ಅಲ್ಲಿವರೆಗೆ ವಕ್ರೀಭವನ ಅನ್ನುವ ಪದ ಬೋರ್ಡ್ ಮೇಲೆ ಬರೆಯಬೇಡಿ.

ಬೆಳಕು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುತ್ತದೆ, ನೀರಿನಲ್ಲಿ ಸುಮಾರು 2.25 ಲಕ್ಷ. ಜೀಪು ಟಾರ್ ರಸ್ತೆಯಿಂದ ಓರೆಯಾಗಿ ಕೆಸರಿಗೆ ಇಳಿದರೆ ಮೊದಲು ಸಿಕ್ಕಿದ ಚಕ್ರ ನಿಧಾನವಾಗಿ ಜೀಪು ಆ ಕಡೆ ತಿರುಗುತ್ತದಲ್ಲ, ಬೆಳಕೂ ಹಾಗೇ ಬಾಗುತ್ತದೆ. ಒಳಗೆ ಹೋದ ಬೆಳಕು ಬಾಟಲಿಯ ಗೋಡೆಗೆ ತೀರಾ ಓರೆಯಾಗಿ ತಾಗಿದರೆ ಹೊರಗೆ ಹೋಗದೆ ವಾಪಸ್ ಪುಟಿದು ಕೆಳಗಿಳಿಯುತ್ತದೆ. ಉಬ್ಬುತಗ್ಗಿನ ತಳದಲ್ಲಿ ಹೊರಬರುವಾಗ ಮತ್ತೆ ಬಾಗಿ ಎಲ್ಲ ದಿಕ್ಕಿಗೂ ಚದುರುತ್ತದೆ. ಗಾಜಿನ ಹೆಂಚಿನ ಮೇಲುಮುಖ, ಕೆಳಮುಖ ಸಮಾನಾಂತರ. ಒಳಗೆ ಬರುವಾಗ ಎಷ್ಟು ಬಾಗಿತೋ ಹೊರಗೆ ಹೋಗುವಾಗ ಅಷ್ಟೇ ನೆಟ್ಟಗಾಗುತ್ತದೆ. ಹಾಗಾಗಿ ಅಡುಗೆಮನೆಯ ನೆಲದ ಮೇಲೆ ಬಿಸಿಲಿನ ಚೌಕ ಬೀಳುತ್ತದೆ, ಮೂಲೆಗೆ ಅಷ್ಟು ಬೆಳಕು ಹೋಗುವುದಿಲ್ಲ.

ವಿಡಿಯೋದಲ್ಲಿ ಹಾಕುವ ಬ್ಲೀಚ್ ಪಾಚಿ ಕಟ್ಟದಿರಲಿ ಅಂತ, ಬೆಳಕಿಗೂ ಅದಕ್ಕೂ ಸಂಬಂಧವಿಲ್ಲ. ಒಂದು ದಿನದ ಪಾಠಕ್ಕೆ ಅದು ಬೇಡವೇ ಬೇಡ. ನೀರು ತುಂಬಿದ ಬಾಟಲಿಯನ್ನು ಬಿಸಿಲಲ್ಲಿ ಸುಮ್ನೆ ಬಿಟ್ಟುಹೋಗಬೇಡಿ, ಅದು ಮಸೂರದ ಹಾಗೆ ಬಿಸಿಲನ್ನು ಒಂದೇ ಕಡೆ ಸೇರಿಸಿ ರಟ್ಟು, ತರಗೆಲೆ ಸುಡಬಹುದು. ಜುಲೈಯಲ್ಲಿ ಮಾಡಿ ಬೇಜಾರಾಗುವುದಕ್ಕಿಂತ ಕಾಫಿ ಒಣಗಿಸುವ ಜನವರಿಯ ಮಧ್ಯಾಹ್ನ ಮಾಡಿ.

ಇನ್ನೊಂದು ವಿಷಯ, ನನಗೆ ಇದೇ ಜಾಸ್ತಿ ಮುಖ್ಯ. ಬೆಳಕು ಹೀಗೆ ಬಾಗುವುದರಿಂದಲೇ ತಿಳಿನೀರಿನ ಹೊಳೆ 4 ಅಡಿ ಆಳವಿದ್ದರೆ ಮೇಲಿನಿಂದ ನೇರ ನೋಡಿದಾಗ 3 ಅಡಿಯಂತೆ ಕಾಣುತ್ತದೆ, ದಡದಿಂದ ಓರೆಯಾಗಿ ನೋಡಿದರೆ ಇನ್ನೂ ಕಮ್ಮಿ. ರಜೆಯಲ್ಲಿ ಹಾರಂಗಿ, ಕಾವೇರಿ ಕಡೆ ಹೋಗುವ ಮಕ್ಕಳಿಗೆ ಇದನ್ನು ಬಕೆಟ್ ನೀರಲ್ಲಿ ಸ್ಕೇಲ್ ಇಳಿಸಿ ತೋರಿಸಿ.