ಶ್ವಾಸಕೋಶದ ಆಪರೇಷನ್ ನಂತರ ಒಂದೇ ಕಾಲು ಊದಿದ್ದರೆ

ಆಪರೇಷನ್ ಆದ ತಂದೆಯ ಒಂದು ಕಾಲು ಊದಿದೆ, ಸೋಮವಾರ ಮೈಸೂರಿನಲ್ಲಿ ತೋರಿಸೋವರೆಗೂ ಕಾಯಬಹುದಾ ಅಂತ ಕೇಳಿದ್ದೀರಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದೆ ಅಂದರೆ ಮೊದಲು ಅನುಮಾನಿಸಬೇಕಾದ್ದು ರಕ್ತನಾಳದ ಹೆಪ್ಪು. ನಿಮ್ಮ ತಂದೆಗೆ 68 ವರ್ಷ, ಶ್ವಾಸಕೋಶದ ಕ್ಯಾನ್ಸರ್, ದೊಡ್ಡ ಆಪರೇಷನ್. ರಕ್ತ ಹೆಪ್ಪುಗಟ್ಟುವ ಅಪಾಯ ಅಳೆಯುವ ಕ್ಯಾಪ್ರಿನಿ ಲೆಕ್ಕದಲ್ಲಿ ಈ ಮೂರಕ್ಕೂ ತಲಾ 2, ಅಲ್ಲಿಗೇ 6 ಅಂಕ. 5 ಮುಟ್ಟಿದರೇ ಹೆಚ್ಚು ಅಪಾಯದ ಗುಂಪು. ಆದರೆ ಹೆಪ್ಪು ಇದೆಯೋ ಇಲ್ಲವೋ ಅನ್ನೋದನ್ನ ಅಂಕ ಹೇಳಲ್ಲ.

ಸೋಮವಾರ ಮೈಸೂರಿನಲ್ಲಿ ಹೇಗೂ ತೋರಿಸಬೇಕಲ್ಲ ಅಂತ ಕಾಯಬೇಡಿ, ಇವತ್ತೇ ಮಂಡ್ಯದಲ್ಲೇ ಕಾಲಿನ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಹೆಪ್ಪಿನ ಸುಳಿವು ನೋಡುವ ಡಿ-ಡೈಮರ್ ರಕ್ತಪರೀಕ್ಷೆಯ ಅಂಕಿ ಆಪರೇಷನ್ ಆದವರಲ್ಲಿ ಸಾಮಾನ್ಯವಾಗಿ ಏರಿಯೇ ಇರುತ್ತೆ, ಅದೊಂದನ್ನೇ ನೆಚ್ಚಬೇಡಿ. ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇಂಜೆಕ್ಷನ್ ಯಾವಾಗ ನಿಂತಿತು ಅಂತ ಡಾಕ್ಟರಿಗೆ ಹೇಳಿ, ನೀವಾಗೇ ಮತ್ತೆ ಕೊಡಬೇಡಿ. ಎಣ್ಣೆ ಹಚ್ಚಿ ಕಾಲು ನೀವೋದು ಬೇಡವೇ ಬೇಡ, ಮನೆಯಲ್ಲಿ ಹಿರಿಯರು ಎಷ್ಟೇ ಹೇಳಲಿ; ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದೀತು.

ಉಸಿರುಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ಸ್ಕ್ಯಾನ್ ಬಿಟ್ಟು 108ಕ್ಕೆ ಫೋನ್ ಮಾಡಿ.